ದೂರದ ದಾರಿಗೆ ಸೈಕಲ್ಲಿನ ಹದ

(ಸಂಘದ ವಾರ್ಷಿಕೋತ್ಸವದ ವಿದ್ಯಾರ್ಥಿ–ಯುವಜನ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಕನ್ನಡ ಪಂಡಿತನೊಬ್ಬನು ವಾರ್ಷಿಕೋತ್ಸವದ ವೇದಿಕೆಯನ್ನೇರಿದನೆಂದರೆ ಅವನು ಪಂಪನನ್ನೋ ಪಾರ್ತಿಸುಬ್ಬನನ್ನೋ ಕುರಿತು ಮಾತನಾಡುವನೆಂದು ಸಭಿಕರು ಎದುರುನೋಡುವುದು ಸಹಜ. ಈ ಸಲ ಕಾರ್ಯಕಾರಿ ಸಮಿತಿಯವರು ನಮಗೊಪ್ಪಿಸಿದ ವಿಷಯ ಬೇರೆ. ಸಂಘದ ತರುಣರು ಮಳೆಗಾಲ ಕಳೆದೊಡನೆ ಕಾಸರಗೋಡಿನಿಂದ ಮಡಿಕೇರಿಗೆ ಸೈಕಲ್ಲಿನಲ್ಲಿ ಹೋಗುವುದೆಂದು ನಿಶ್ಚಯಿಸಿದ್ದಾರೆ. “ನೀವು ಇಷ್ಟು ವರ್ಷಗಳಿಂದ ಶಾಲೆಗೆ ಸೈಕಲ್ಲಿನಲ್ಲಿಯೇ ಬರುವವರು, ನಮಗೆ ನಾಲ್ಕು ಮಾತು ಹೇಳಬೇಕು ಮಾಷ್ಟ್ರೆ” ಎಂದು ಅವರು ಕೇಳಿಕೊಂಡರು. ನಾವು ಸಂತೋಷದಿಂದ ಒಪ್ಪಿದೆವು. ಆದರೆ ನಮ್ಮ ಮಾತು ಆ ಹದಿನೈದು ಇಪ್ಪತ್ತು ಮಂದಿ ತರುಣರಿಗೆ ಮಾತ್ರ ಸಲ್ಲತಕ್ಕದ್ದಲ್ಲ. ಹಿಂದಿನ ಸಾಲುಗಳಲ್ಲಿ ಕುಳಿತಿರುವ ತಂದೆತಾಯಿಗಳೂ ಸ್ವಲ್ಪ ಕಿವಿಗೊಡಬೇಕೆಂದು ಮೊದಲೇ ಬಿನ್ನವಿಸಿಕೊಳ್ಳುತ್ತೇವೆ. ಅದಕ್ಕೆ ಕಾರಣವುಂಟು.

ನಮ್ಮ ಗಡಿನಾಡಿನ ಒಳಹಳ್ಳಿಗಳಲ್ಲಿ, ಮನೆಯ ಬಳಿಯ ಶಾಲೆಯನ್ನು ದಾಟಿ, ಕನ್ನಡದಲ್ಲಿ ಕಲಿಸುವ ಶಾಲೆಯವರೆಗೆ ಇನ್ನೂ ಒಂದೆರಡು ಮೈಲಿ ಹೋಗಬೇಕಾದ ಮಕ್ಕಳಿದ್ದಾರೆ. ಬಸ್ಸಿರುವ ಕಡೆ ಬಸ್ಸು. ಇಲ್ಲದ ಕಡೆ ನಡಿಗೆ, ಅಥವಾ ಸೈಕಲು. ಕೆಲವು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯಲ್ಲಿ ನಮ್ಮ ಶಿಷ್ಯೆಯಾಗಿದ್ದ ಒಬ್ಬ ಹುಡುಗಿ ವಾರಕ್ಕೆ ಎರಡು ದಿನ ಬರುವಳು, ಮೂರು ದಿನ ಬಾರಳು. ಕೇಳಿದರೆ “ಮೊಣಗಂಟಿನ ಹಿಂದೆ ನೋಯ್ತದೆ ಮಾಷ್ಟ್ರೆ” ಎನ್ನುವಳು. ಮನೆಯವರು ಅದನ್ನು ಸೋಮಾರಿತನವೆಂದು ತಿಳಿದಿದ್ದರು. ಹತ್ತಿರದ ಶಾಲೆಗೆ ಸೇರಿಸಿಬಿಡುವ ಮಾತೂ ನಡೆದಿತ್ತು. ಒಂದು ಸಂಜೆ ಅವಳು ಶಾಲೆಯ ಇಳಿಜಾರಿನಲ್ಲಿ ಹೊರಟುದನ್ನು ಹಿಂದಿನಿಂದ ನೋಡಿದೆವು. ಅಣ್ಣನಿಗೆಂದು ಕೊಂಡ ಸೈಕಲು. ಸೀಟು ಅಣ್ಣನ ಕಾಲಿನ ಎತ್ತರದಲ್ಲಿಯೇ ಇತ್ತು. ಪ್ರತಿಯೊಂದು ತುಳಿತಕ್ಕೂ ಅವಳ ಸೊಂಟ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಜಾರುತ್ತಿತ್ತು. ಮರುದಿನ ಒಂದು ನಟ್ಟನ್ನು ಸಡಿಲಿಸಿ ಸೀಟನ್ನು ಎರಡಂಗುಲ ಇಳಿಸಿದ್ದಾಯಿತು. ಎರಡು ವಾರಗಳಲ್ಲಿ ನೋವಿನ ಮಾತು ನಿಂತಿತು. ಹುಡುಗಿ ಕನ್ನಡ ಶಾಲೆಯಲ್ಲಿಯೇ ಉಳಿದಳು. ಎಲ್ಲ ನೋವಿಗೂ ಸೀಟೇ ಕಾರಣವೆಂದು ನಾವು ವಾದಿಸುವುದಿಲ್ಲ. ವೈದ್ಯರು ನೋಡಬೇಕಾದುದನ್ನು ವೈದ್ಯರೇ ನೋಡಬೇಕು. ಆದರೆ ವೈದ್ಯರ ಬಳಿಗೆ ಹೋಗುವ ಮೊದಲು, ಮಗುವನ್ನು ಬೈಯುವ ಮೊದಲು, ಒಮ್ಮೆ ಸೈಕಲ್ಲಿನ ಸೀಟನ್ನು ನೋಡಿರೆಂದು ಬೇಡಿಕೊಳ್ಳುತ್ತೇವೆ.

ಜನರು ಸೈಕಲ್ಲನ್ನು ಪಂಚಾಂಗದಂತೆ ಭಾವಿಸಿದ್ದಾರೆ: ಅಚ್ಚಾಗಿ ಬಂದುದನ್ನು ತಿದ್ದುವಂತಿಲ್ಲ ಎಂದು. ಅಂಗಡಿಯಾತನು ಕೊಡುವಾಗ ಸೀಟು ಎಲ್ಲಿದ್ದಿತೋ ಹತ್ತು ವರ್ಷವಾದರೂ ಅಲ್ಲಿಯೇ ಇರುತ್ತದೆ. ನಿಜವಾಗಿ ನೋಡಿದರೆ ಸೀಟಿನ ಎತ್ತರ, ಸೀಟಿನ ಹಿಂದುಮುಂದು, ಸೀಟಿನ ಬಾಗು, ಹ್ಯಾಂಡಲಿನ ಎತ್ತರ, ಇವೆಲ್ಲವೂ ತಿರುಗಿಸುವುದಕ್ಕಾಗಿಯೇ ನಟ್ಟುಗಳನ್ನು ಹೊಂದಿವೆ. ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ 1885ರಲ್ಲಿ ಎರಡು ಸಮ ಚಕ್ರಗಳ, ಹಿಂದಿನ ಚಕ್ರಕ್ಕೆ ಚೈನಿರುವ ‘ರೋವರ್’ ಸೈಕಲ್ಲನ್ನು ಹೊರತಂದನು. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟಯರನ್ನು ಕೊಟ್ಟನು. ಅಂದಿನಿಂದ ಈ ಯಂತ್ರದ ಮೂಲ ಆಕಾರ ಹೆಚ್ಚು ಬದಲಾಗಿಲ್ಲ. ಬದಲಾಗುವುದು ಅದರ ಮೇಲೆ ಕೂರುವ ಶರೀರ. ಆದಕಾರಣ ಶರೀರಕ್ಕೆ ಸೈಕಲು ಒಗ್ಗಬೇಕೇ ಹೊರತು ಸೈಕಲ್ಲಿಗೆ ಶರೀರವು ಒಗ್ಗಬೇಕಾದುದಿಲ್ಲ.

ಮೊದಲು ಸೀಟಿನ ಎತ್ತರ. ಇದೊಂದು ಸರಿಯಾದರೆ ಮುಕ್ಕಾಲು ಪಾಲು ಕೆಲಸವಾದಂತೆ. ಸೈಕಲ್ಲನ್ನು ಗೋಡೆಗೆ ಒರಗಿಸಿ, ನಿತ್ಯ ಹಾಕುವ ಮೆಟ್ಟನ್ನೇ ಹಾಕಿಕೊಂಡು, ಸೀಟಿನ ಮೇಲೆ ನೆಟ್ಟಗೆ ಕೂರಬೇಕು. ಒಂದು ಪೆಡಲನ್ನು ತೀರ ಕೆಳಕ್ಕೆ ತಂದು ಅದರ ಮೇಲೆ ಹಿಮ್ಮಡಿಯನ್ನಿಡಬೇಕು. ಆಗ ಕಾಲು ಪೂರ್ತಿ ನೀಳವಾಗಬೇಕು, ಸೊಂಟ ಜಾರಬಾರದು. ತುಳಿಯುವಾಗ ನಾವು ಹಿಮ್ಮಡಿಯಿಂದ ತುಳಿಯುವುದಿಲ್ಲ, ಬೆರಳುಗಳ ಬುಡದ ದಪ್ಪ ಭಾಗದಿಂದ ತುಳಿಯುತ್ತೇವೆ. ಪಾದವನ್ನು ಹಾಗೆ ಹಿಂದಕ್ಕೆಳೆದಾಗ ಮೊಣಕಾಲಿನಲ್ಲಿ ತಾನಾಗಿ ಒಂದು ಸಣ್ಣ ಬಾಗು ಉಳಿಯುತ್ತದೆ. ಆ ಬಾಗು 25ರಿಂದ 35 ಅಂಶಗಳಷ್ಟಿದ್ದರೆ ಸರಿ. ಕೋನಮಾಪಕವೇನೂ ಬೇಡ, ಹಿಮ್ಮಡಿಯ ಪರೀಕ್ಷೆಯೇ ಸಾಕು.

ಲೆಕ್ಕವನ್ನು ಮೆಚ್ಚುವವರಿಗೆ ಇನ್ನೊಂದು ದಾರಿಯಿದೆ. ಬರಿಗಾಲಿನಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ತೊಡೆಗಳ ನಡುವೆ ಒಂದು ದಪ್ಪ ಪುಸ್ತಕವನ್ನು ಮೇಲಕ್ಕೊತ್ತಿ ಹಿಡಿದು, ನೆಲದಿಂದ ಪುಸ್ತಕದ ಮೇಲಂಚಿನವರೆಗೆ ಅಳೆಯಬೇಕು. ಅದನ್ನು 0.883ರಿಂದ ಗುಣಿಸಿದರೆ ಪೆಡಲುಗಳು ತಿರುಗುವ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಭಾಗದವರೆಗಿನ ದೂರ ಸಿಗುತ್ತದೆ. ಕಾಲಿನ ಅಳತೆ 80 ಸೆಂಟಿಮೀಟರಾದರೆ ಸೀಟಿನ ಎತ್ತರ 70 ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು. ಫ್ರಾನ್ಸಿನ ದೊಡ್ಡ ಸೈಕಲ್ ಪಂದ್ಯವನ್ನು 1986, 1989 ಮತ್ತು 1990ರಲ್ಲಿ ಗೆದ್ದ ಅಮೆರಿಕದ ಗ್ರೆಗ್ ಲೆಮಾಂಡ್ ಈ ಲೆಕ್ಕವನ್ನು ಜನಪ್ರಿಯಗೊಳಿಸಿದನು. ಅದು ಪಂದ್ಯಗಾರರ ಲೆಕ್ಕವಾದುದರಿಂದ ನಮ್ಮಂಥವರು ಅದಕ್ಕಿಂತ ಒಂದು ಬೆರಳು ಕೆಳಗಿಟ್ಟುಕೊಂಡರೆ ಹಿತ.

ಶರೀರವು ತಾನೇ ದೂರು ಹೇಳುತ್ತದೆ, ಅದರ ಭಾಷೆ ತಿಳಿದಿರಬೇಕು. ಮೊಣಕಾಲಿನ ಮುಂಭಾಗ, ಚಿಪ್ಪಿನ ಸುತ್ತ, ನೋಯುತ್ತಿದ್ದರೆ ಸಾಮಾನ್ಯವಾಗಿ ಸೀಟು ತಗ್ಗಾಗಿದೆ ಎಂದರ್ಥ. ಹಿಂಭಾಗದಲ್ಲಿ ನೋಯುತ್ತಿದ್ದರೆ ಸೀಟು ಎತ್ತರವಾಗಿದೆ. ನಮ್ಮೂರಿನಲ್ಲಿ ಹೆಚ್ಚಿನ ಗಂಡಸರು ಸೀಟನ್ನು ಬೇಕಾದುದಕ್ಕಿಂತ ತಗ್ಗಿನಲ್ಲಿಟ್ಟಿರುತ್ತಾರೆ. ನಿಲ್ಲಿಸಿದಾಗ ಎರಡು ಪಾದಗಳೂ ನೆಲಕ್ಕೆ ಚಪ್ಪಟೆಯಾಗಿ ಮುಟ್ಟಬೇಕೆಂಬುದು ಅವರ ಆಸೆ. ಪೇಟೆಯಲ್ಲಿ ಸಾಮಾನು ತರುವುದಕ್ಕೆ ಅದು ನಡೆದೀತು. ಮೂವತ್ತು ಮೈಲಿಯ ದಾರಿಗೆ ನಡೆಯದು. ಸೈಕಲ್ಲನ್ನು ನಿಲ್ಲಿಸುವಾಗ ಸೀಟಿನಿಂದ ಮುಂದಕ್ಕಿಳಿದು ನಿಲ್ಲುವುದನ್ನು ರೂಢಿಸಿಕೊಳ್ಳಬೇಕು. ಇನ್ನೊಂದು ಎಚ್ಚರಿಕೆ: ಸೀಟಿನ ಕಂಬದ ಮೇಲೆ ಇದಕ್ಕಿಂತ ಹೆಚ್ಚು ಎತ್ತಬಾರದೆಂದು ಒಂದು ಗೆರೆಯನ್ನು ಕೊರೆದಿರುತ್ತಾರೆ. ಆ ಗೆರೆ ಹೊರಗೆ ಕಾಣುವಷ್ಟು ಎತ್ತಿದರೆ ಕಂಬ ಮುರಿಯಬಹುದು, ಫ್ರೇಮು ಸೀಳಬಹುದು. ಅಷ್ಟು ಎತ್ತಬೇಕಾಗಿ ಬಂದರೆ ಆ ಸೈಕಲು ಆ ಮನುಷ್ಯನಿಗೆ ಚಿಕ್ಕದು.

ದೊಡ್ಡದಾದರೋ? ಅದಕ್ಕೆ ಮದ್ದಿಲ್ಲ. “ಹುಡುಗ ಬೆಳೀತಾನೆ, ಇರಲಿ” ಎಂದು 22 ಅಂಗುಲದ ಫ್ರೇಮಿನ ಬದಲು 24 ಅಂಗುಲದ್ದನ್ನು ಕೊಂಡುಕೊಡುವ ತಂದೆಯಂದಿರು ಇಂದೂ ಇದ್ದಾರೆ. ಅಂಗಿ ಹೊಲಿಸುವಾಗ ಆ ಲೆಕ್ಕ ಸರಿ, ತೋಳನ್ನು ಮಡಚಬಹುದು. ಸೈಕಲ್ಲಿನ ಫ್ರೇಮನ್ನು ಮಡಚಲಾಗದು. ಎರಡು ಕಾಲುಗಳನ್ನೂ ನೆಲಕ್ಕೂರಿ ನಿಂತಾಗ ಮೇಲಣ ಕಂಬಿಗೂ ಶರೀರಕ್ಕೂ ನಡುವೆ ಎರಡು ಮೂರು ಬೆರಳುಗಳಷ್ಟಾದರೂ ತೆರಪಿರಬೇಕು. ಇಲ್ಲವಾದರೆ ಒಂದು ಅಂಕ ಸಣ್ಣದನ್ನೇ ಕೊಳ್ಳಿರಿ, ಹಳೆಯದಾದರೂ ಚಿಂತೆಯಿಲ್ಲ.

ಇನ್ನು ಸೀಟಿನ ಹಿಂದುಮುಂದು. ಪೆಡಲುಗಳೆರಡೂ ನೆಲಕ್ಕೆ ಸಮನಾಗಿ ನಿಂತಾಗ ಮುಂದಿನ ಮೊಣಚಿಪ್ಪಿನ ಕೆಳಗಿನಿಂದ ಕಲ್ಲು ಕಟ್ಟಿದ ದಾರವನ್ನು ಇಳಿಬಿಟ್ಟರೆ, ಅದು ಹೆಚ್ಚುಕಡಿಮೆ ಪೆಡಲಿನ ಅಚ್ಚಿನ ಮೇಲೆ ಬರಬೇಕು. ಗಾರೆ ಕೆಲಸದವರು ತೂಗುಗುಂಡು ಬಿಡುವಂತೆಯೇ. ಇದು ಶಾಸ್ತ್ರವಾಕ್ಯವಲ್ಲ, ಮೊದಲ ಅಂದಾಜು ಮಾತ್ರ. ಒಂದೆರಡು ಬೆರಳು ಹಿಂದಾದರೆ ದೋಷವಿಲ್ಲ. ಸೀಟಿನ ಮೇಲ್ಮೈ ಮಾತ್ರ ನೆಲಕ್ಕೆ ಸಮನಾಗಿರಲಿ. ಮೂತಿ ಕೆಳಗಾದರೆ ಶರೀರ ಮುಂದಕ್ಕೆ ಜಾರಿ ಭಾರವೆಲ್ಲ ಅಂಗೈಗಳಿಗೆ ಬೀಳುತ್ತದೆ. ಮೇಲಾದರೆ ಏನಾಗುತ್ತದೆಂಬುದನ್ನು ಸಭೆಯಲ್ಲಿ ವಿವರಿಸಬೇಕಾದ ಅಗತ್ಯವಿಲ್ಲ. ಹತ್ತು ಮೈಲಿ ಹೋದವರಿಗೆ ತಾನಾಗಿ ತಿಳಿಯುತ್ತದೆ.

ಹ್ಯಾಂಡಲು ಸೀಟಿನಷ್ಟೇ ಎತ್ತರವಾಗಿರಲಿ, ಅಥವಾ ಸ್ವಲ್ಪ ಮೇಲಿರಲಿ. ತರುಣರು ಪಂದ್ಯದ ಚಿತ್ರಗಳನ್ನು ನೋಡಿ ಅದನ್ನು ತಗ್ಗಿಸಿ, ನಡುವನ್ನು ಬಿಲ್ಲಿನಂತೆ ಬಾಗಿಸಿಕೊಂಡು ಹೋಗುವುದನ್ನು ಕಾಣುತ್ತೇವೆ. ಹಾಗೆ ಗಂಟೆಗಟ್ಟಲೆ ಕೂರಲು ವರ್ಷಗಳ ಸಾಧನೆ ಬೇಕು. ಮೊಣಕೈಗಳು ಕೊಂಚ ಮಡಚಿರಬೇಕು. ಭುಜಗಳು ಕಿವಿಯ ಕಡೆಗೆ ಏರಬಾರದು. ದೂರ ಹೋದಾಗ ಕಿರುಬೆರಳೂ ಉಂಗುರಬೆರಳೂ ಜೋಮುಹಿಡಿದರೆ, ಅಂಗೈಯ ಹೊರಮೂಲೆಯಲ್ಲಿ ಹಾಯುವ ನರವು ಒತ್ತಿಹೋಗುತ್ತಿದೆ ಎಂದು ತಿಳಿಯಬೇಕು. ಕೈಯ ಹಿಡಿತವನ್ನು ಆಗಾಗ ಬದಲಿಸಿ. ಹ್ಯಾಂಡಲನ್ನು ಒಂದಂಗುಲ ಎತ್ತಿ ನೋಡಿ. ಕಂಬಿ ಬ್ರೇಕಿನ ಹಳೆಯ ಸೈಕಲುಗಳಲ್ಲಿ ಹ್ಯಾಂಡಲನ್ನು ಎತ್ತಿದರೆ ಬ್ರೇಕಿನ ಕಂಬಿಯೂ ಮೇಲಕ್ಕೆಳೆಯಲ್ಪಡುತ್ತದೆ. ಅದನ್ನು ಮರಳಿ ಹೊಂದಿಸದೆ ರಸ್ತೆಗಿಳಿಯಬಾರದು. ಈ ಕೆಲಸವನ್ನು ಸೈಕಲ್ ಶಾಪಿನವರ ಕೈಯಲ್ಲಿಯೇ ಮಾಡಿಸುವುದು ಲೇಸು.

ಇಷ್ಟನ್ನೂ ಒಂದೇ ದಿನ ಬದಲಿಸಬೇಡಿರಿ. ಒಂದನ್ನು ಒಂದು ಬೆರಳಷ್ಟು ಬದಲಿಸಿ, ಮೂರು ನಾಲ್ಕು ದಿನ ಓಡಾಡಿ, ಶರೀರ ಏನೆನ್ನುತ್ತದೆಂದು ಕೇಳಿ, ಮತ್ತೆ ಇನ್ನೊಂದಕ್ಕೆ ಕೈಹಾಕಿರಿ. ದೂರಪ್ರಯಾಣದ ಹಿಂದಿನ ದಿನವಂತೂ ಯಾವ ನಟ್ಟನ್ನೂ ಮುಟ್ಟಬಾರದು.

ಸೈಕಲ್ಲಿನ ಮಾತು ಇಷ್ಟಾಯಿತು; ಇನ್ನು ವೇಗದ ಮಾತು. ಇಲ್ಲಿಯೇ ನಮಗೂ ತರುಣರಿಗೂ ಸ್ವಲ್ಪ ಜಗಳ.

ದೂರ ಹೋಗುವವನಿಗೆ ತೋಳ್ಬಲಕ್ಕಿಂತ ಹೆಚ್ಚಾಗಿ ಮಿತವು ಬೇಕು. ಅದಕ್ಕೆ ಪ್ರಕೃತಿಯ ನಿಯಮವೇ ಕಾರಣ. ಸಮನೆಲದಲ್ಲಿ ಸೈಕಲ್ಲಿನವನ ದೊಡ್ಡ ಶತ್ರು ಎದುರಿನ ಗಾಳಿ. ವೇಗ ಎರಡರಷ್ಟಾದರೆ ಗಾಳಿಯ ಪ್ರತಿರೋಧ ನಾಲ್ಕರಷ್ಟಾಗುತ್ತದೆ, ಅದನ್ನು ಗೆಲ್ಲಲು ಕ್ಷಣಕ್ಷಣಕ್ಕೆ ಬೇಕಾಗುವ ಶಕ್ತಿ ಎಂಟರಷ್ಟಾಗುತ್ತದೆ. ಗಂಟೆಗೆ 15 ಕಿಲೋಮೀಟರಿನಿಂದ 20ಕ್ಕೆ ಏರಿದರೆ, ಗಾಳಿಗಾಗಿ ಕೊಡುವ ಶಕ್ತಿ ಎರಡೂಕಾಲು ಪಾಲನ್ನೂ ಮೀರುತ್ತದೆ. ಕೇವಲ ಐದು ಕಿಲೋಮೀಟರಿಗೆ ಇಷ್ಟು ಬೆಲೆ! ಬೆಳಗಿನ ತಂಪಿನಲ್ಲಿ, ಗೆಳೆಯರ ನಡುವೆ, ಈ ಬೆಲೆ ಕಾಣುವುದಿಲ್ಲ. ಅಂಗಡಿಯಾತನು ಸಾಲದ ಪುಸ್ತಕದಲ್ಲಿ ಬರೆದಿಟ್ಟಿರುತ್ತಾನೆ, ಮಧ್ಯಾಹ್ನ ಕೇಳುತ್ತಾನೆ.

ಫ್ರಾನ್ಸಿನಲ್ಲಿ ಪ್ಯಾರಿಸ್ಸಿನಿಂದ ಬ್ರೆಸ್ಟ್ ನಗರಕ್ಕೆ ಹೋಗಿ ಮರಳುವ ಸುಮಾರು 1,200 ಕಿಲೋಮೀಟರ್ ಯಾತ್ರೆ 1891ರಲ್ಲಿ ಆರಂಭವಾಯಿತು. ಮೊದಲು ಅದು ಪಂದ್ಯವಾಗಿತ್ತು. ಈಗ ನಾಲ್ಕು ವರ್ಷಗಳಿಗೊಮ್ಮೆ ನಡೆಯುವ ಯಾತ್ರೆಯಲ್ಲಿ ಗೆದ್ದವರು ಸೋತವರು ಎಂಬುದಿಲ್ಲ. ಗೊತ್ತಾದ ಅವಧಿಯೊಳಗೆ, ಹೆಚ್ಚೆಂದರೆ 90 ಗಂಟೆಗಳಲ್ಲಿ, ಮುಗಿಸಿದರಾಯಿತು. ಅದಕ್ಕೆ ಅರ್ಹರಾಗಲು 200, 300, 400, 600 ಕಿಲೋಮೀಟರುಗಳ ಯಾತ್ರೆಗಳನ್ನು ಮಾಡಬೇಕು. ಅಂಥವು ನಮ್ಮ ದೇಶದಲ್ಲಿಯೂ ನಡೆಯುತ್ತಿವೆ. 200 ಕಿಲೋಮೀಟರಿಗೆ ಕೊಡುವ ಅವಧಿ ಹದಿಮೂರೂವರೆ ಗಂಟೆ. ಅಂದರೆ ಊಟ, ವಿಶ್ರಾಂತಿ, ಪಂಕ್ಚರು ಎಲ್ಲವೂ ಸೇರಿ ಗಂಟೆಗೆ 15 ಕಿಲೋಮೀಟರು ಸಾಕು. ಹಾಲು ಮಾರುವವನ ವೇಗವಿದು. ಆದರೆ ನಿಲ್ಲದ ವೇಗ.

ಆ ದೇಶದ ಸಾಂತ್ ಎತಿಯೆನ್ ಎಂಬ ಊರಿನಲ್ಲಿ ಪೋಲ್ ದ ವಿವೀ ಎಂಬವನಿದ್ದನು. 1853ರಲ್ಲಿ ಹುಟ್ಟಿ 1930ರಲ್ಲಿ ತೀರಿಕೊಂಡ ಈತನು ಮೊದಲು ರೇಷ್ಮೆಯ ವ್ಯಾಪಾರಿ. ಬಳಿಕ ಸೈಕಲ್ಲಿಗೇ ಜೀವನವನ್ನು ಒಪ್ಪಿಸಿ, ‘ವೆಲೋಸಿಯೋ’ ಎಂಬ ಹೆಸರಿನಿಂದ ಒಂದು ಪತ್ರಿಕೆಯನ್ನು ನಡೆಸಿದನು. ಅವನ ಊರಿನ ಮೇಲಣ ಕಣಿವೆಯ ದಾರಿ 1,161 ಮೀಟರ್ ಎತ್ತರದಲ್ಲಿದೆ, ಹೆಚ್ಚುಕಡಿಮೆ ನಮ್ಮ ಮಡಿಕೇರಿಯಷ್ಟೇ. ಆ ಏರನ್ನು ಏರಿ ಏರಿ ಅವನು ಕಂಡುಕೊಂಡ ಮಾತುಗಳು ಸರಳ. ಹಸಿವಾಗುವ ಮೊದಲೇ ತಿನ್ನಬೇಕು, ಬಾಯಾರುವ ಮೊದಲೇ ಕುಡಿಯಬೇಕು. ನಿಲುಗಡೆಗಳು ಕೆಲವೇ ಇದ್ದು ಚಿಕ್ಕವಾಗಿರಬೇಕು. ಊಟ ಸೇರದಷ್ಟು, ನಿದ್ದೆ ಬಾರದಷ್ಟು ದಣಿಯಬಾರದು. ಒಣಜಂಭಕ್ಕಾಗಿ ಎಂದೂ ಪೆಡಲು ತುಳಿಯಬಾರದು ಎಂಬುವು ಅವನ ಸೂತ್ರಗಳ ಸಾರ. ಏರಿನಲ್ಲಿ ಹಗುರಾಗುವ ಗೇರುಗಳು ಬೇಕೆಂದು ಅವನು ಜೀವನವಿಡೀ ಹೋರಾಡಿದನು. ಅದು ಹೆಂಗಸರಿಗೂ ಮುದುಕರಿಗೂ ತಕ್ಕುದೆಂದು ಪಂದ್ಯದವರು ಅಣಕಿಸುತ್ತಿದ್ದರು. ಫ್ರಾನ್ಸಿನ ದೊಡ್ಡ ಪಂದ್ಯದಲ್ಲಿ ಚೈನು ಹಾರಿಸುವ ಗೇರುಗಳಿಗೆ ಅನುಮತಿ ದೊರೆತದ್ದು 1937ರಲ್ಲಿ. ಅಷ್ಟರಲ್ಲಿ ಅವನು ತೀರಿಹೋಗಿ ಏಳು ವರ್ಷಗಳಾಗಿದ್ದುವು. ಗೇರಿನ ಸೈಕಲ್ಲಿದ್ದೂ ಏರಿನಲ್ಲಿ ಹಗುರ ಗೇರನ್ನು ಹಾಕಲು ನಾಚುವ ತರುಣರು ನಮ್ಮಲ್ಲಿಯೂ ಉಂಟು. ಆ ನಾಚಿಕೆಯ ಬೆಲೆಯನ್ನು ಮೊಣಕಾಲು ತೆರುತ್ತದೆ. ನಿಮಿಷಕ್ಕೆ 70ರಿಂದ 80 ಸುತ್ತು ಕಾಲು ಹಗುರಾಗಿ ತಿರುಗುವಂತೆ ಗೇರನ್ನು ಆರಿಸಿಕೊಳ್ಳಿ. ಗೇರಿಲ್ಲದ ಸೈಕಲ್ಲಿನವರು ಕಡಿದಾದ ಏರಿನಲ್ಲಿ ಇಳಿದು ನೂಕಿಕೊಂಡು ನಡೆಯಿರಿ. ನಡೆದರೆ ಮರ್ಯಾದೆಯೇನೂ ಹೋಗದು.

ತಕ್ಕ ವೇಗವನ್ನು ತಿಳಿಯುವುದು ಹೇಗೆ? ಕೈಗಡಿಯಾರದಂಥ ಯಂತ್ರಗಳು ಈಗ ಎದೆಬಡಿತವನ್ನೂ ಎಣಿಸುತ್ತವೆ. ಕನ್ನಡ ಪಂಡಿತರ ಬಳಿ ಇನ್ನೂ ಅಗ್ಗದ ಯಂತ್ರವಿದೆ. ಅದು ಭಾಮಿನಿ ಷಟ್ಪದಿ. ಕುಮಾರವ್ಯಾಸನ ಯಾವುದಾದರೊಂದು ಪದ್ಯವನ್ನು ತುಳಿಯುತ್ತಲೇ ಬಾಯಿಬಿಟ್ಟು ಹೇಳಿರಿ. ಅದರ ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಿಗೆ 14 ಮಾತ್ರೆ. ಮೂರು ಮತ್ತು ಆರನೆಯ ಸಾಲುಗಳಿಗೆ 23 ಮಾತ್ರೆ. ಚಿಕ್ಕ ಸಾಲುಗಳ ಕೊನೆಯಲ್ಲಿ ಉಸಿರೆಳೆದುಕೊಂಡು, ಉದ್ದದ ಸಾಲನ್ನೂ ತುಂಡರಿಸದೆ ಮುಗಿಸಲು ಸಾಧ್ಯವಾದರೆ ನಿಮ್ಮ ವೇಗ ದಿನವಿಡೀ ನಡೆಯತಕ್ಕದ್ದು. ಮೂರನೆಯ ಸಾಲಿನ ನಡುವೆ ಉಸಿರು ಕಡಿದರೆ ಕೂಡಲೇ ಇಳಿಸಿರಿ. ರಾಗವಾಗಿ ಆಲಾಪನೆ ಮಾಡಲು ಆಗುತ್ತಿದ್ದರೆ ಇನ್ನೂ ಸ್ವಲ್ಪ ಹೋಗಬಹುದು. (ಸಭೆಯಲ್ಲಿ ನಗು.) ನಗುವ ಮಾತಲ್ಲ, ಮಾತನಾಡಲು ಬರುವಷ್ಟು ಉಸಿರು ಉಳಿದಿರಬೇಕೆಂಬುದು ವ್ಯಾಯಾಮಶಾಸ್ತ್ರದವರೂ ಒಪ್ಪಿದ ಪರೀಕ್ಷೆಯೇ. ನಾವು ಅದಕ್ಕೆ ಛಂದಸ್ಸನ್ನು ಸೇರಿಸಿದ್ದೇವೆ, ಅಷ್ಟೆ.

ಅನ್ನಪಾನದ ವಿಚಾರ. ಸ್ನಾಯುಗಳಲ್ಲಿಯೂ ಯಕೃತ್ತಿನಲ್ಲಿಯೂ ಶರೀರವು ಕೂಡಿಟ್ಟ ಸಕ್ಕರೆಯ ದಾಸ್ತಾನು, ಬಿರುಸಿನ ದುಡಿಮೆಯಲ್ಲಿ ಒಂದೂವರೆ ಎರಡು ಗಂಟೆಗಳಿಗೇ ಮುಗಿಯುತ್ತ ಬರುತ್ತದೆ. ಅದು ಮುಗಿದವನಿಗೆ ಕಣ್ಣು ಕತ್ತಲೆ, ಕೈಕಾಲು ನಡುಕ, ಕಾರಣವಿಲ್ಲದ ಸಿಟ್ಟು. ಆಮೇಲೆ ತಿಂದರೆ ಚೇತರಿಸಲು ಬಹಳ ಹೊತ್ತು ಬೇಕು. ಆದುದರಿಂದ ಮೊದಲ ಗಂಟೆಯಿಂದಲೇ, ಹಸಿವಿಲ್ಲದಿದ್ದರೂ, ಗಂಟೆಗೊಂದೆರಡು ಬಾಳೆಹಣ್ಣು, ಬೆಲ್ಲದ ತುಂಡು, ಅವಲಕ್ಕಿ, ಹೀಗೆ ಸ್ವಲ್ಪ ಸ್ವಲ್ಪ ತಿನ್ನುತ್ತಿರಬೇಕು. ಕರಿದ ತಿಂಡಿ ಬೇಡ. ನಮ್ಮ ಕರಾವಳಿಯ ಸೆಕೆಯಲ್ಲಿ ಬೆವರು ಆರುವುದಿಲ್ಲ, ಸುರಿಯುತ್ತದೆ. ನೀರಿನೊಡನೆ ಉಪ್ಪೂ ಹೋಗುತ್ತದೆ. ಉಪ್ಪು ಹಾಕಿದ ಗಂಜಿತಿಳಿ, ಮಜ್ಜಿಗೆ, ಪುನರ್ಪುಳಿಯ ಪಾನಕ, ಬೊಂಡದ ನೀರು ಇವು ಅಂಗಡಿಯ ಬಣ್ಣದ ಬಾಟಲಿಗಳಿಗಿಂತ ಕೀಳಲ್ಲ. ಏನೂ ಸಿಗದಿದ್ದರೆ ಒಂದು ಲೀಟರು ಕುದಿಸಿ ಆರಿಸಿದ ನೀರಿಗೆ ಆರು ಚಹಾಚಮಚ ಸಕ್ಕರೆ, ಅರ್ಧ ಚಹಾಚಮಚ ಉಪ್ಪು. ಭೇದಿಯಾದ ಮಕ್ಕಳಿಗೆ ಕೊಡುವ ನೀರೇ ಇದು.

ಈಗ ಮಡಿಕೇರಿಯ ದಾರಿ. ಕಾಸರಗೋಡಿನಿಂದ ಚೆರ್ಕಳ, ಬೋವಿಕ್ಕಾನ, ಮುಳ್ಳೇರಿಯ, ಆದೂರು, ಜಾಲ್ಸೂರುಗಳ ಮೇಲೆ ಸುಳ್ಯಕ್ಕೆ ಅರುವತ್ತು ಕಿಲೋಮೀಟರಿನ ಆಸುಪಾಸು. ಅಲ್ಲಿಂದ ಸಂಪಾಜೆಯ ಮೂಲಕ ಮಡಿಕೇರಿಗೆ ಐವತ್ತರಷ್ಟು. ಮೊದಲರ್ಧವು ಮುರಕಲ್ಲಿನ ಗುಡ್ಡಗಳ ಸಣ್ಣ ಸಣ್ಣ ಏರಿಳಿತ. ಇದೇ ಮೋಸದ ಭಾಗ. ಒಂದೊಂದು ಏರನ್ನೂ ಎದ್ದುನಿಂತು ಒಂದೇ ಉಸಿರಿಗೆ ಹತ್ತಿಬಿಡುವ ಆಸೆಯಾಗುತ್ತದೆ. ಹಾಗೆ ಮಾಡಿದವನು ಸುಳ್ಯದಲ್ಲಿ ಬಸ್ಸನ್ನು ಹುಡುಕುತ್ತಾನೆ. ಸಂಪಾಜೆಯಿಂದ ಮೇಲಕ್ಕೆ ಇಪ್ಪತ್ತೈದು ಕಿಲೋಮೀಟರಿಗಿಂತ ಕೊಂಚ ಹೆಚ್ಚಿನ ದಾರಿಯಲ್ಲಿ ಸುಮಾರು 1,000 ಮೀಟರು ಏರಬೇಕು. ನಮ್ಮ ಯಕ್ಷಗಾನದ ಭಾಗವತರು ಮೊದಲ ಜಾವದಲ್ಲಿಯೇ ಕಂಠವನ್ನೆಲ್ಲ ಖರ್ಚುಮಾಡುವುದಿಲ್ಲ, ಬೆಳಗಿನ ಜಾವದ ಯುದ್ಧಕ್ಕೆ ಉಳಿಸಿಕೊಳ್ಳುತ್ತಾರೆ. ಸಂಪಾಜೆಯವರೆಗಿನದೆಲ್ಲ ಪೂರ್ವರಂಗವೆಂದು ತಿಳಿಯಿರಿ.

ಒಂದೇ ದಿನದಲ್ಲಿ ಮುಗಿಸಬೇಕೆಂಬುದು ತರುಣರ ಹಠ. ಹಿಂದೆ ಒಂದೇ ಸಲಕ್ಕೆ ನೂರು ಕಿಲೋಮೀಟರು ಹೋದವರು ಹಾಗೆ ಮಾಡಬಹುದು. ಉಳಿದವರು ಸುಳ್ಯದಲ್ಲಿ ತಂಗಿ, ಮರುದಿನ ಬೆಳಕು ಹರಿಯುವ ಮೊದಲು ಹೊರಟು, ಬಿಸಿಲೇರುವ ಮೊದಲು ಘಾಟಿಯನ್ನು ಹಿಡಿಯಬೇಕೆಂಬುದು ನಮ್ಮ ಅಭಿಪ್ರಾಯ. ಅಭ್ಯಾಸಕ್ಕೆ ಇನ್ನೂ ಎರಡು ತಿಂಗಳ ಅವಧಿಯಿದೆ. ಮೊದಲ ವಾರಗಳಲ್ಲಿ ಕುಂಬಳೆಗೆ ಹೋಗಿ ಬನ್ನಿ, ಬಳಿಕ ಮಂಜೇಶ್ವರಕ್ಕೆ, ಕೊನೆಗೊಮ್ಮೆ ಮಂಗಳೂರಿಗೆ ಹೋಗಿ ಮರಳಿದರೆ ನೂರು ಕಿಲೋಮೀಟರಾಗುತ್ತದೆ. ಮಂಗಳೂರಿನಿಂದ ಮರಳಿ ಬಂದ ಮರುದಿನ ಮೆಟ್ಟಿಲು ಇಳಿಯಲು ಆಗದವರು ನಮ್ಮ ಮಾತನ್ನು ಕೇಳಿ ಸುಳ್ಯದಲ್ಲಿ ಚಾಪೆ ಹಾಸಿರಿ. ಮಳೆ ಪೂರ್ತಿ ನಿಲ್ಲದೆ ಘಾಟಿಗೆ ಹೋಗುವಂತಿಲ್ಲ. 2018ರ ಆಗಸ್ಟಿನಲ್ಲಿ ಜೋಡುಪಾಲ, ಮದೆನಾಡುಗಳ ಬಳಿ ಗುಡ್ಡ ಕುಸಿದು ಜೀವಹಾನಿಯಾದುದನ್ನು ನಮ್ಮಲ್ಲಿ ಯಾರೂ ಮರೆತಿಲ್ಲ. ಇಳಿಯುವಾಗ ಬ್ರೇಕನ್ನು ಒಂದೇ ಸಮನೆ ಹಿಡಿದಿರಬೇಡಿ. ಬಿಟ್ಟು ಬಿಟ್ಟು ಹಿಡಿಯಿರಿ, ಎರಡನ್ನೂ ಹಿಡಿಯಿರಿ. ಗುಂಪು ಅತಿ ನಿಧಾನದವನ ವೇಗದಲ್ಲಿ ಹೋಗಲಿ. ಅವನನ್ನು ಮುಂದೆ ಬಿಡಿರಿ.

ಅಧ್ಯಕ್ಷರು ಗಡಿಯಾರವನ್ನು ಎರಡು ಸಲ ನೋಡಿದರು. ಹೇಳಬೇಕಾದುದನ್ನು ಹೇಳಿಯಾಯಿತು. ಹೊರಜಗಲಿಯಲ್ಲಿ ಎರಡು ಸ್ಪ್ಯಾನರು, ಒಂದು ಅಳತೆಪಟ್ಟಿ, ಕಲ್ಲು ಕಟ್ಟಿದ ದಾರ, ಸ್ವಲ್ಪ ಎಣ್ಣೆ ಇರಿಸಿದ್ದೇವೆ. ಸೈಕಲ್ಲಿನಲ್ಲಿ ಬಂದಿರುವ ಮಕ್ಕಳು ಉಪಾಹಾರವಾದ ಬಳಿಕ ಸಾಲಾಗಿ ಬರಲಿ, ಹೆಣ್ಣುಮಕ್ಕಳು ಮೊದಲು. ತಂದೆತಾಯಿಗಳೂ ಜೊತೆಗಿರಬೇಕು, ಏಕೆಂದರೆ ಆರು ತಿಂಗಳು ಕಳೆದು ಮಗು ಒಂದಂಗುಲ ಬೆಳೆದಾಗ ಆ ನಟ್ಟನ್ನು ಮತ್ತೆ ತಿರುಗಿಸತಕ್ಕವರು ಅವರೇ.